ಎದ್ದು ನಿಂತು ಉತ್ತರ ಕೊಟ್ಟ ಅಂಬುಜಮ್ಮನವರು

ವಿದ್ಯಾಸಂಸ್ಥೆಯೊಂದರ ಹೆಸರು ಹೇಳಿದಾಗ ನಮಗೆ ನೆನಪಾಗುವವರು ಅಲ್ಲಿ ಪಾಠ ಹೇಳಿದವರು. ಹೆಚ್ಚೆಂದರೆ ಅದನ್ನು ಕಟ್ಟಿಸಿದ ದಾನಿಗಳು. ಯಾವ ಕೊಠಡಿಯಲ್ಲಿ ಯಾವ ಹೊತ್ತಿಗೆ ಯಾವ ತರಗತಿ ಎಂದು ನಿಗದಿ ಮಾಡಿದವರು, ಪ್ರವೇಶದ ಅರ್ಜಿಯಲ್ಲಿ ಬಿಟ್ಟುಹೋದ ಸಹಿಯನ್ನು ಮನೆಗೇ ಹೋಗಿ ಹಾಕಿಸಿಕೊಂಡು ಬಂದವರು, ಪರೀಕ್ಷೆಯ ನಡುವೆ ಕರೆಂಟು ಹೋದರೆ ಡೆಸ್ಕುಗಳನ್ನು ಕಿಟಕಿಯ ಬೆಳಕಿಗೆ ಎಳೆಸಿದವರು ಯಾವ ಶಿಲಾಫಲಕದ ಮೇಲೂ ಇರುವುದಿಲ್ಲ. ಆದರೆ ಅಂಥವರೊಬ್ಬರು ಒಂದು ವಾರ ರಜೆ ಹಾಕಿದರೆ ಸಂಸ್ಥೆ ಎಂಬುದು ಬರಿಯ ಕಟ್ಟಡವಾಗಿ ಉಳಿಯುತ್ತದೆ. ಶೈಕ್ಷಣಿಕ ಕಾರ್ಯಕ್ರಮಗಳ ಆಡಳಿತವೆಂಬ ಈ ಕಣ್ಣಿಗೆ ಬೀಳದ ವಿದ್ಯೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈಗ ನಿವೃತ್ತರಾಗಿರುವ ಶ್ರೀಮತಿ ಅಂಬುಜಮ್ಮನವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅವರ ವಿದ್ಯಾರ್ಥಿನಿಯೂ ಆಮೇಲೆ ಅವರ ಕೈಕೆಳಗಿನ ನೌಕರಳೂ ಆದ ನನ್ನ ಪಾಲಿಗೆ ಬಂದಿದೆ.

ಎನ್.ಆರ್. ಕಾಲೋನಿಯಲ್ಲಿ ಶಾಲಾ ಮೇಷ್ಟರಾಗಿದ್ದ ರಾಮಾನುಜ ಅವರ ಹಿರಿಯ ಮಗಳಾಗಿ ೧೯೬೫ರಲ್ಲಿ ಜನಿಸಿದ ಅಂಬುಜಮ್ಮನವರು, ಕನ್ನಡ ಮತ್ತು ಇಂಗ್ಲಿಷ್ ಬೆರಳಚ್ಚಿನಲ್ಲಿ ಸೀನಿಯರ್ ಮುಗಿಸಿ, ೧೯೯೧ರಲ್ಲಿ ಚಾಮರಾಜಪೇಟೆಯ ನಮ್ಮ ಮಂದಾರ ಮಹಿಳಾ ವಿದ್ಯಾಸಂಸ್ಥೆಗೆ ಬೆರಳಚ್ಚುಗಾರ್ತಿಯಾಗಿ ಸೇರಿದರು. ಆಗ ಇಲ್ಲಿ ಇದ್ದದ್ದು ಹೊಲಿಗೆ ತರಗತಿ ಮತ್ತು ಹಿಂದಿ ಪರೀಕ್ಷೆಗಳ ತರಗತಿ, ಎರಡೇ. ಇವತ್ತು ಹನ್ನೊಂದು ಕಾರ್ಯಕ್ರಮಗಳು ನಡೆಯುತ್ತಿವೆ. ಅವುಗಳಲ್ಲಿ ಒಂಬತ್ತರ ಪಠ್ಯಪಟ್ಟಿ, ವೇಳಾಪಟ್ಟಿ, ಪರೀಕ್ಷಾ ನಿಯಮ ಇವೆಲ್ಲ ಮೊದಲು ಕಾಗದಕ್ಕೆ ಇಳಿದದ್ದು ಅಂಬುಜಮ್ಮನವರ ಬೆರಳುಗಳಿಂದ. ಬೆರಳಚ್ಚುಗಾರ್ತಿಯಿಂದ ಗುಮಾಸ್ತೆ, ಅಲ್ಲಿಂದ ಸೂಪರಿಂಟೆಂಡೆಂಟ್, ಕೊನೆಯ ಆರು ವರ್ಷ ಕಾರ್ಯಕ್ರಮ ನಿರ್ದೇಶಕಿ. ಹೊರಗಿನವರಿಗೆ ಇದು ಬಡ್ತಿಯ ಪಟ್ಟಿಯಂತೆ ಕಾಣಬಹುದು. ಒಳಗಿದ್ದ ನಮಗೆ ಗೊತ್ತಿರುವುದು, ಅವರು ಯಾವ ಹುದ್ದೆಯಲ್ಲಿದ್ದರೂ ಕೂತದ್ದು ಅದೇ ತೇಗದ ಕೌಂಟರಿನ ಹಿಂದೆ, ಅದೇ ಬೆತ್ತದ ಕುರ್ಚಿಯಲ್ಲಿ ಎಂಬುದು.

ನಾನು ಅವರನ್ನು ಮೊದಲು ಕಂಡದ್ದು ೨೦೦೮ರಲ್ಲಿ. ಹತ್ತೊಂಬತ್ತಕ್ಕೇ ಮದುವೆಯಾಗಿ ಓದು ಬಿಟ್ಟಿದ್ದ ನನಗೆ ಶಿಶುವಿಹಾರ ಶಿಕ್ಷಕಿಯರ ಒಂದು ವರ್ಷದ ತರಬೇತಿಗೆ ಸೇರುವ ಆಸೆ ಹುಟ್ಟಿತ್ತು. ನನ್ನ ಗಂಡ ಕುಶಾಲ್ ಒಪ್ಪಿದರೂ ಅತ್ತೆ ಮುನಿಯಕ್ಕನವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅರ್ಜಿ ತುಂಬಿಕೊಟ್ಟು ಹೋದವಳು ಪ್ರವೇಶಕ್ಕೆ ಬರಲಿಲ್ಲವೆಂದು, ಅಂಬುಜಮ್ಮನವರು ಒಂದು ಭಾನುವಾರ ವೇಳಾಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಹನುಮಂತನಗರದ ನಮ್ಮ ಮನೆಗೇ ಬಂದುಬಿಟ್ಟರು.

"ಮದ್ವೆ ಆಗೈತೆ, ಮಗು ಐತೆ. ಇನ್ನೇನ್ ಓದು ಇವ್ಳಿಗೆ?" ಎಂದರು ನಮ್ಮತ್ತೆ.

"ಹನ್ನೊಂದಕ್ಕೆ ಶುರು, ಎರಡೂವರೆಗೆ ಮುಗಿಯತ್ತೆ ನೋಡಿ," ಎಂದು ಅಂಬುಜಮ್ಮನವರು ಪಟ್ಟಿಯನ್ನು ನೆಲದ ಮೇಲೆ ಬಿಡಿಸಿಟ್ಟರು. "ನಿಮ್ಮ ಮೊಮ್ಮಗಳ ಸ್ಕೂಲ್ ಬಿಡೋದು ಮೂರೂಕಾಲಿಗೆ. ಇವಳು ಬಂದು, ಕಾಫಿ ಕುಡಿದು, ಆಮೇಲೆ ಹೋಗಿ ಮಗೂನ ಕರ್ಕೊಂಡು ಬರಬಹುದು. ಶನಿವಾರ ತರಗತಿ ಇಲ್ಲ, ಶನಿವಾರ ನಿಮಗೆ ಬಿಟ್ಟಿದೀನಿ."

ತನ್ನ ಶನಿವಾರವನ್ನು ಯಾರೋ ಸರ್ಕಾರಿ ಕಾಗದದಂತಿದ್ದ ಹಾಳೆಯಲ್ಲಿ ಬಿಟ್ಟುಕೊಟ್ಟಿದ್ದಾರೆಂಬುದು ನಮ್ಮತ್ತೆಗೆ ಹೇಗೋ ಸಮಾಧಾನ ತಂದಿತು. ಮೂವತ್ತನಾಲ್ಕು ವರ್ಷಗಳಲ್ಲಿ ಹೀಗೆ ಎಷ್ಟು ಮನೆಗಳ ಹೊಸ್ತಿಲು ತುಳಿದರೋ ಅವರೂ ಲೆಕ್ಕ ಇಟ್ಟಿಲ್ಲ. ನಾನು ಪಾಸಾದೆ; ಎರಡು ವರ್ಷದ ಮೇಲೆ, ೨೦೧೧ರ ಏಪ್ರಿಲ್‌ನಲ್ಲಿ, ಅವರದೇ ವಿಭಾಗಕ್ಕೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದೆ.

ಅಭಿನಂದನ ಗ್ರಂಥಕ್ಕೆ ಲೇಖನ ಬರೆಯಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಮೊದಲು ಹೋಗಿ ಅವರ ಅಪ್ಪಣೆ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದ್ದು ಇಷ್ಟೇ: "ಬರಿ. ಆದ್ರೆ ಆರಾಧನಾ ವಿಷಯ ಬಿಡಬೇಡ. ಅದನ್ನ ಬಿಡೋದಾದ್ರೆ ಏನೂ ಬರೀಲೇಬೇಡ."

ಆದ್ದರಿಂದ ಬರೆಯುತ್ತಿದ್ದೇನೆ. ಇಂಥ ಗ್ರಂಥಗಳಲ್ಲಿ ಇಂಥ ಸಂಗತಿ ಬರುವ ವಾಡಿಕೆಯಿಲ್ಲವೆಂದು ಬಲ್ಲೆ. ನಂಬುವುದು, ಬಿಡುವುದು ಓದುವವರಿಗೆ ಸೇರಿದ್ದು. ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ನಮ್ಮ ಶಿಶುವಿಹಾರ ತರಬೇತಿಯ ಪರೀಕ್ಷೆಯನ್ನು ನಡೆಸಿ ಫಲಿತಾಂಶ ಕೊಡುವುದು ನಮ್ಮ ಸಂಸ್ಥೆಯೇ. ಜೂನ್ ಎರಡನೆಯ ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಅಂದು ಬೆಳಗ್ಗೆ ಪಟ್ಟಿಯನ್ನು ಮೊಗಸಾಲೆಯ ಗೋಡೆಗೆ ಅಂಟಿಸುತ್ತೇವೆ. ಆಮೇಲೆ ದಿನವಿಡೀ ಕೌಂಟರಿನ ಮುಂದೆ ಸಾಲು. ೨೦೧೧ರ ಆ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಪಕ್ಕದ ಹಿಟ್ಟಿನ ಗಿರಣಿ ತಟ್ಟನೆ ನಿಂತಿತು. ಬೆಳಗಿನಿಂದ ಕಿವಿಯಲ್ಲಿ ಮೊರೆಯುತ್ತಿದ್ದ ಸದ್ದು ನಿಂತಾಗ ನಾನು ತಲೆಯೆತ್ತಿ ನೋಡಿದೆ. ಸಾಲಿನ ಮುಂದೆ ತಿಳಿಹಸಿರು ಸೀರೆಯುಟ್ಟ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯೊಬ್ಬಳು ನಿಂತಿದ್ದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಲ್ ಟಿಕೆಟು. ಮಧ್ಯದ ಬೆರಳಿಗೆ ಮಸಿಯ ಕಲೆ.

ಯಾರಿಗೂ ಏಳದ ಅಂಬುಜಮ್ಮನವರು ಕುರ್ಚಿಯಿಂದ ಎದ್ದು ನಿಂತರು.

"ನನ್ನ ರಿಸಲ್ಟ್ ಇನ್ನೊಂದ್ಸಲ ನೋಡ್ತೀರಾ ಮೇಡಂ?" ಎಂದಳು ಹುಡುಗಿ. "ಮೂವತ್ತೊಂದು."

ಅಂಬುಜಮ್ಮನವರು ಆ ವರ್ಷದ ಪಟ್ಟಿಯನ್ನು ಮುಟ್ಟಲಿಲ್ಲ. ಹಿಂದಿನ ಬೀರುವಿನಿಂದ, ಟೈಪಾದ ಹಳೆಯ ಪಟ್ಟಿಗಳನ್ನು ಹೊಲಿದಿಟ್ಟ, ರಟ್ಟು ಸವೆದ ಫಲಿತಾಂಶದ ವಹಿಯೊಂದನ್ನು ತಂದು, ಒಂದು ಪುಟ ತೆಗೆದು, ಸಾಲಿನ ಮೇಲೆ ಬೆರಳಾಡಿಸಿ, ಮೆಲ್ಲಗೆ ಹೇಳಿದರು: "ಅನುತ್ತೀರ್ಣ ಅಂತಲೇ ಇದೆಯಮ್ಮ."

ಹುಡುಗಿ ಕ್ಷಣಹೊತ್ತು ನಿಂತು, ತಿರುಗಿ, ಕೆಂಪು ಗಾರೆಯ ಮೆಟ್ಟಿಲಿಳಿದು ಹೋದಳು. ನನಗೆ ವಿಚಿತ್ರವೆನಿಸಿದ್ದು ಸಾಲಿನಲ್ಲಿ ಹಿಂದಿದ್ದವರ ರೀತಿ. ಅವರು ಒಂದು ಮಾರು ಹಿಂದೆ ಸರಿದು ನಿಂತಿದ್ದರು, ಯಾಕೆ ಸರಿದೆವೆಂದು ಅವರಿಗೂ ತಿಳಿದಂತಿರಲಿಲ್ಲ. ಆಮೇಲೆ ಮುಂದೆ ಬಂದವಳೊಬ್ಬಳು, "ಕೌಂಟರ್ ಖಾಲಿ ಇತ್ತಲ್ಲ ಮೇಡಂ, ನಾನು ಬರಬಹುದಾಗಿತ್ತಾ?" ಎಂದು ಕೇಳಿದಳು. ಗಿರಣಿ ಮತ್ತೆ ಶುರುವಾಗಿತ್ತು.

ಮುಂದಿನ ವರ್ಷ ಅದೇ ಸೀರೆ, ಅದೇ ಮಾತು, ಮಾತುಗಳ ನಡುವೆ ಅದೇ ಬಿಡುವು. ವರ್ಷ ಕಳೆದರೂ ಹಾಲ್ ಟಿಕೆಟಿನ ಕಾಗದ ನಿನ್ನೆ ಕೊಟ್ಟ ಹಾಗಿತ್ತು. ಬೆರಳಿನ ಮಸಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ನಮ್ಮ ಅಟೆಂಡರ್ ಮರಿಯಣ್ಣನವರನ್ನು ಹಿಂದಿನ ಅಂಗಳಕ್ಕೆ ಕರೆದು, "ಯಾರದು ಮರಿಯಣ್ಣ, ಆ ಹಸಿರು ಸೀರೆ?" ಎಂದು ಕೇಳಿದೆ.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಿಮ್ಗೂ ಕಾಣ್ತಾ? ನಂಗೆ ಕಾಣಲ್ಲ, ಗಿರಣಿ ನಿಂತಾಗ ಗೊತ್ತಾಗತ್ತೆ ಅಷ್ಟೆ. ಅಮ್ಮಾವ್ರು ಮಾತಾಡಿ ಕಳಿಸ್ತಾರೆ. ತಾವು ಅದನ್ನೆಲ್ಲ ಕೇಳೋಕೆ ಹೋಗ್ಬೇಡಿ."

ಅಂಬುಜಮ್ಮನವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರಾಗಿ ಹೇಳಲೂ ಇಲ್ಲ. ಹೀಗೆ ವರ್ಷಗಳು ಕಳೆದವು. ಭಯಕ್ಕೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ಜೂನ್ ಬಂದರೆ ನಾನು ಮೂರು ಗಂಟೆಗೆ ಏನಾದರೂ ನೆಪ ಮಾಡಿ ಸ್ಟೋರಿಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡೆ.

೨೦೧೪ರ ಕೊನೆಯಲ್ಲಿ ಶ್ರೀ ನಾಗಭೂಷಣ್ ಅವರು ನಮ್ಮ ಪ್ರಾಂಶುಪಾಲರಾಗಿ ಬಂದರು. ಶಿಸ್ತಿನವರು, ಪ್ರಾಮಾಣಿಕರು, ಕಂಪ್ಯೂಟರೀಕರಣ, ಬಯೋಮೆಟ್ರಿಕ್ ಹಾಜರಿ, ಸಿಸಿಟಿವಿ ಎಲ್ಲ ಅವರ ಕಾಲದವು. ೨೦೧೫ರ ಫಲಿತಾಂಶದ ಮಾರನೆಯ ದಿನ ನನ್ನನ್ನು ಕೋಣೆಗೆ ಕರೆಸಿ ಪರದೆಯ ಮೇಲೆ ಒಂದು ದೃಶ್ಯ ತೋರಿಸಿದರು. ಮೂರು ಗಂಟೆ ಎರಡು ನಿಮಿಷ. ಅಂಬುಜಮ್ಮನವರು ಎದ್ದು ನಿಲ್ಲುತ್ತಾರೆ, ವಹಿ ತೆಗೆಯುತ್ತಾರೆ, ಮಾತನಾಡುತ್ತಾರೆ. ಕೌಂಟರಿನ ಮುಂದೆ ಯಾರೂ ಇಲ್ಲ. ಒಂದು ಮಾರು ಖಾಲಿ ಜಾಗ, ಅದರ ಹಿಂದೆ ಸಾಲು.

"ಪ್ರತಿ ವರ್ಷ ಹೀಗೇನಾ? ನೀವು ಪಕ್ಕದಲ್ಲೇ ಇರ್ತೀರಲ್ಲ, ಯಾರಾದ್ರೂ ಬರೋದನ್ನ ನೋಡಿದೀರಾ?" ಎಂದು ಕೇಳಿದರು. "ಅವರ ಆರೋಗ್ಯದ ಬಗ್ಗೆ ಆಡಳಿತ ಮಂಡಳಿಗೆ ತಿಳಿಸಬೇಕಾಗತ್ತೆ. ನೋಡಿದ್ರೆ ನೋಡಿದೆ ಅಂತ ಹೇಳಿ."

ನನ್ನ ಹುದ್ದೆ ಇನ್ನೂ ಕಾಯಂ ಆಗಿರಲಿಲ್ಲ. ಕಡತ ಅವರ ಮೇಜಿನ ಮೇಲಿತ್ತು.

"ನಾನು ಗಮನಿಸಿಲ್ಲ ಸರ್," ಎಂದೆ.

ಆ ಒಂದು ಮಾತಿನಿಂದ ಅಂಬುಜಮ್ಮನವರನ್ನು ಮೂರು ವಾರ ವೈದ್ಯಕೀಯ ರಜೆಯ ಮೇಲೆ ಕಳಿಸಲಾಯಿತು. ಒಬ್ಬ ಮನೋವೈದ್ಯರ ಮುಂದೆ ಕೂರಿಸಲಾಯಿತು. ಇಪ್ಪತ್ತನಾಲ್ಕು ವರ್ಷ ದುಡಿದ ಸಂಸ್ಥೆಯ ಪಡಸಾಲೆಗಳಲ್ಲಿ ಜನ ಅವರನ್ನು ಕಂಡು ದನಿ ತಗ್ಗಿಸತೊಡಗಿದರು. ನಾನು ಏನು ಹೇಳಿದೆನೆಂಬುದು ಅವರಿಗೆ ತಿಳಿದಿತ್ತು. ರಜೆ ಮುಗಿಸಿ ಬಂದ ದಿನ ಅವರು ಮಾಡಿದ ಮೊದಲ ಕೆಲಸ, ನನ್ನ ಕಾಯಮಾತಿಯ ಕಡತಕ್ಕೆ ಬೇಕಾಗಿದ್ದ ಶಿಫಾರಸು ಪತ್ರವನ್ನು ತಾವೇ ಟೈಪ್ ಮಾಡಿ ಸಹಿ ಹಾಕಿ ಕಳಿಸಿದ್ದು. ಅವರಿಂದ ನಾನು ಪಡೆದ ಉಪಕಾರಗಳಲ್ಲಿ ಇವತ್ತಿಗೂ ಹೊರಲಾರದಷ್ಟು ಭಾರವಾದದ್ದು ಅದು.

೨೦೧೬ರ ಫಲಿತಾಂಶದ ದಿನ ಅಂಬುಜಮ್ಮನವರು ಕೌಂಟರಿಗೆ ಬರಕೂಡದೆಂದು ಆಜ್ಞೆಯಾಯಿತು. ಅವರನ್ನು ಹಿಂದಿನ ಕಡತದ ಕೋಣೆಯಲ್ಲಿ ಕೂರಿಸಿ, ಬೆತ್ತದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಬೆಳಗಿನಿಂದ ಬಂದವರಿಗೆಲ್ಲ ಉತ್ತರ ಹೇಳುತ್ತ ಹೇಳುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಗಿರಣಿ ನಿಂತಾಗಲೇ ಎಚ್ಚರವಾದದ್ದು.

ಅಷ್ಟು ಹತ್ತಿರದಿಂದ ಅವಳನ್ನು ನಾನು ಎಂದೂ ನೋಡಿರಲಿಲ್ಲ. ಭಯಂಕರವಾದದ್ದೇನೂ ಇರಲಿಲ್ಲ ಆ ಮುಖದಲ್ಲಿ. ಬಸ್ಸಿಳಿದು ನಡೆದು ಬಂದ ಹುಡುಗಿಯ ಮುಖ. ಹಣೆಯ ಮೇಲೆ ಬೆವರಿಗೆ ಅಂಟಿದ ಕೂದಲು. ಆ ಬೆವರು ಆರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

"ನನ್ನ ರಿಸಲ್ಟ್ ಇನ್ನೊಂದ್ಸಲ ನೋಡ್ತೀರಾ ಮೇಡಂ? ಮೂವತ್ತೊಂದು."

ನಾನು ಏಳಲಿಲ್ಲ. ವಹಿ ಎಲ್ಲಿದೆಯೆಂದೂ ಹೊಳೆಯಲಿಲ್ಲ. ಬಾಯಿ ಮಾತ್ರ ಆ ದಿನ ಐವತ್ತು ಜನಕ್ಕೆ ಹೇಳಿದ್ದ ನಿಯಮವನ್ನೇ ತಾನಾಗಿ ಹೇಳಿಬಿಟ್ಟಿತು: "ಮರುಎಣಿಕೆಗೆ ಅರ್ಜಿ ಕೊಡ್ಬೇಕಮ್ಮ. ಕೊಟ್ಟಿದೀರಾ?"

ಅಲ್ಲಿಯವರೆಗೆ ನಾನು ಅವಳ ಬಾಯಲ್ಲಿ ಬೇರೆ ಮಾತು ಕೇಳಿರಲಿಲ್ಲ. ಈಗ ಕೇಳಿದೆ.

"ಕೊಟ್ಟಿದೀನಿ ಮೇಡಂ. ನಿಮ್ಮ ಕೈಗೇ ಕೊಟ್ಟಿದೀನಿ."

ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಆಚೆಗೆ ನೋಡುತ್ತಿದ್ದಳು. ನಾನು ತಿರುಗಿದೆ. ಕಡತದ ಕೋಣೆಯ ಬಾಗಿಲಲ್ಲಿ ಅಂಬುಜಮ್ಮನವರು ಎದ್ದು ಬಂದು ನಿಂತಿದ್ದರು. ಮತ್ತೆ ಇತ್ತ ತಿರುಗುವ ಹೊತ್ತಿಗೆ ಕೌಂಟರಿನ ಮುಂದೆ ಯಾರೂ ಇರಲಿಲ್ಲ.

"ಅರ್ಜಿ," ಎಂದರು ಅಂಬುಜಮ್ಮನವರು. "ಅರ್ಜಿ ಕೊಟ್ಟಿದಾರಾ ಅಂತ ನಾನು ಒಂದು ವರ್ಷವೂ ಕೇಳಲಿಲ್ಲ, ಯಶಶ್ರೀ."

ಆ ವಹಿಯ ವರ್ಷದ, ಅಂದರೆ ೧೯೯೮ರ, ಬಂದ ಅರ್ಜಿಗಳನ್ನು ದಾಖಲಿಸುವ ಇನ್ವರ್ಡ್ ರಿಜಿಸ್ಟರ್ ಅಟ್ಟದ ಮೇಲಿತ್ತು. ಮರಿಯಣ್ಣನವರು ಏಣಿ ಹಾಕಿ ಇಳಿಸಿಕೊಟ್ಟರು. ಜೂನ್ ಇಪ್ಪತ್ತನಾಲ್ಕರ ಸಾಲಿನಲ್ಲಿ ಹೀಗಿತ್ತು: 'ಆರಾಧನಾ, ಶಿಶುವಿಹಾರ ತರಬೇತಿ, ನೋಂದಣಿ ಸಂಖ್ಯೆ ೩೧, ಮರುಎಣಿಕೆ ಕೋರಿಕೆ.' ಪಕ್ಕದಲ್ಲಿ ಅಂಬುಜಮ್ಮನವರ ಚಿಕ್ಕ ಸಹಿ. ಕ್ರಮ ಕೈಗೊಂಡ ದಿನಾಂಕದ ಅಂಕಣ ಖಾಲಿ. ಅರ್ಜಿಯ ಹಾಳೆ ಕಡತದಲ್ಲಿ ಸೂಜಿಗೆ ಸಿಕ್ಕಿಕೊಂಡು, ಹದಿನೆಂಟು ವರ್ಷ ಯಾರೂ ಮುಟ್ಟದೆ, ಹಾಗೇ ಇತ್ತು. ಅದರ ಹಿಂದೆಯೇ ಆ ವರ್ಷದ ಪರೀಕ್ಷಕರು ಕೈಬರಹದಲ್ಲಿ ಕೊಟ್ಟ ಮೂಲ ಅಂಕಪಟ್ಟಿಯ ಲಕೋಟೆ, ಪಟ್ಟಿ ಟೈಪಾದ ಮೇಲೆ ಹಾಕಿದ ಅರಗಿನ ಮುದ್ರೆಯೊಡನೆ.

ನಾನು ಲಕೋಟೆಗೆ ಕೈಹಾಕಿದಾಗ ಅವರು ತಡೆದರು. "ಪ್ರಾಂಶುಪಾಲರ ಎದುರಿಗಲ್ಲದೆ ಒಡೆಯೋ ಹಾಗಿಲ್ಲ." ಅಂಥ ಹೊತ್ತಿನಲ್ಲಿಯೂ ನಿಯಮ ತಪ್ಪಲಿಲ್ಲ ಅವರು.

ನಾಗಭೂಷಣ್ ಅವರು ಮುದ್ರೆ ಒಡೆದರು. ಮೂವರೂ ಬಗ್ಗಿ ನೋಡಿದೆವು. ಸಂಖ್ಯೆ ಮೂವತ್ತೊಂದು: ಆರುನೂರಕ್ಕೆ ನಾಲ್ಕುನೂರ ಇಪ್ಪತ್ತೆಂಟು, ಪ್ರಥಮ ದರ್ಜೆ. ಸಂಖ್ಯೆ ಮೂವತ್ತೆರಡು, ಇಂದುಮತಿ ಎಂಬವರು: ನೂರ ತೊಂಬತ್ತೇಳು, ಅನುತ್ತೀರ್ಣ. ಪ್ರಕಟವಾದ ಪಟ್ಟಿಯಲ್ಲಿ ಇವೆರಡು ಅದಲುಬದಲಾಗಿದ್ದವು. ಆ ಪಟ್ಟಿಯ ಕೆಳಗೆ ಬೆರಳಚ್ಚುಗಾರರ ಸಂಕ್ಷಿಪ್ತ ಅಕ್ಷರ 'ಅಂ' ಎಂದಿತ್ತು.

ಅಂಬುಜಮ್ಮನವರು ಆ ಅಕ್ಷರದ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದರು: "ಸತ್ತಿದಾರೆ ಅಂತ ನನಗೆ ಮೂರನೇ ವರ್ಷಕ್ಕೇ ಅರ್ಥವಾಗಿತ್ತು ಸರ್. ಹೆದರಿಕೆಯಿಂದ ಸುಮ್ಮನಿರಲಿಲ್ಲ. ಪ್ರತಿ ವರ್ಷ ವಹಿ ನೋಡ್ತಿದ್ದೆ, ವಹೀಲಿ ಫೇಲ್ ಅಂತಿತ್ತು. ವಹಿ ಟೈಪ್ ಮಾಡಿದ್ದು ನಾನು. ನಾನು ತಪ್ಪು ಮಾಡ್ತೀನಿ ಅಂತ ನನಗೆ ಹೊಳೀಲೇ ಇಲ್ಲ."

ಪಟ್ಟಿ ಟೈಪಾದ ಆ ವಾರ ಅವರ ತಂದೆ ಆಸ್ಪತ್ರೆಯಲ್ಲಿದ್ದರೆಂದೂ, ಅವರು ಹಗಲು ಇಲ್ಲಿ ಸಂಜೆ ಅಲ್ಲಿ ಎಂದು ಓಡಾಡುತ್ತಿದ್ದರೆಂದೂ ಮರಿಯಣ್ಣನವರಿಂದ ಆಮೇಲೆ ತಿಳಿಯಿತು. ಈ ಲೇಖನದಲ್ಲಿ ಅದನ್ನು ಸೇರಿಸುತ್ತೇನೆಂದಾಗ ಅಂಬುಜಮ್ಮನವರು ಸಿಟ್ಟಾದರು. "ಅದನ್ನ ಬರೀಬೇಡ, ನೆಪ ಆಗತ್ತೆ." ಈ ಒಂದು ವಿಷಯದಲ್ಲಿ ನಾನು ಅವರ ಮಾತು ಮೀರಿದ್ದೇನೆ.

ನಾಗಭೂಷಣ್ ಅವರು ಲಕೋಟೆಯನ್ನು ಮೇಜಿನ ಮೇಲಿಟ್ಟರು. "ಹದಿನೆಂಟು ವರ್ಷದ ಮಾತು. ಈ ಇಂದುಮತಿಯವರು ನನಗೂ ಗೊತ್ತು, ಈಗ ಒಂದು ನರ್ಸರಿ ಶಾಲೆ ನಡೆಸ್ತಿದಾರೆ. ನಿಮಗೆ ಇನ್ನು ಒಂಬತ್ತು ವರ್ಷ ಸರ್ವೀಸಿದೆ. ಇದನ್ನ ಕೆದಕಿದ್ರೆ ಮೊದಲು ಹೋಗೋದು ನಿಮ್ಮ ಹೆಸರು. ಯಾರಿಗೋಸ್ಕರ ಮೇಡಂ?"

"ಅರ್ಜಿ ಕೊಟ್ಟವರಿಗೋಸ್ಕರ," ಎಂದರು ಅವರು.

ಆಗ ನನಗೆ ಬಾಯಿ ಬಂತು. "ಸರ್, ಹೋದ ವರ್ಷ ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ಮೊದಲೆರಡು ವರ್ಷ ಕಣ್ಣಾರೆ ನೋಡಿದೀನಿ. ಇವತ್ತು ಮಾತಾಡಿದೀನಿ."

ಅವರು ಪರದೆಯ ಕಡೆ ತಿರುಗಿ ಆ ಮಧ್ಯಾಹ್ನದ ಮೂರು ಗಂಟೆಯನ್ನು ಹಿಂದಕ್ಕೆ ಓಡಿಸಿ ನೋಡಿದರು. ಅಲ್ಲಿ ನಾನೊಬ್ಬಳೇ ಕೂತು ಗಾಳಿಯ ಜೊತೆ ಮಾತನಾಡುತ್ತಿದ್ದೆ. "ಕ್ಯಾಮೆರಾದಲ್ಲಿ ಇವತ್ತೂ ಯಾರೂ ಇಲ್ಲ," ಎಂದರು. ಅಂಗೈಯಲ್ಲಿ ಮುಖ ಒರೆಸಿಕೊಂಡು ಆ ಅರ್ಜಿಯ ಹಾಳೆಯನ್ನು ಎತ್ತಿಕೊಂಡರು. "ಆದ್ರೆ ಅರ್ಜಿ ಇದೆ."

ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಮರುದಿನವೇ ನಾವಿಬ್ಬರೂ ಮಲ್ಲೇಶ್ವರಕ್ಕೆ ಹೋದೆವು. ಹಳೆಯ ಮನೆ ಹೋಗಿ ಮೂರಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿತ್ತು. ಮೊದಲ ಮಹಡಿಯಲ್ಲಿ ಅವಳ ಅಣ್ಣ ವಾದಿರಾಜ ಅವರಿದ್ದರು. ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದವರು. ಸಂಸ್ಥೆಯ ಹೆಸರು ಹೇಳಿದೊಡನೆ ಅವರ ಮುಖ ಬಿಗಿದುಕೊಂಡಿತು.

"ಅವಳು ಹೋಗಿ ಹದಿನೆಂಟು ವರ್ಷ ಆಯ್ತು. ತೊಂಬತ್ತೆಂಟರ ಆಗಸ್ಟು. ಮಿದುಳು ಜ್ವರ, ನಾಲ್ಕೇ ದಿನ." ನಮ್ಮಿಬ್ಬರನ್ನೂ ನೋಡಿ ಕೇಳಿದರು: "ಈಗ ಯಾಕೆ ಬಂದ್ರಿ? ಯಾರು ಕೇಳಿದ್ರು ನಿಮ್ಮನ್ನ?"

"ಅವರೇ ಅರ್ಜಿ ಕೊಟ್ಟಿದ್ರು."

"ಯಾವಾಗ?"

"ಆಗಲೇ. ಉತ್ತರ ಕೊಡೋದು ನಮ್ಮಿಂದ ತಡವಾಯ್ತು," ಎಂದು ಅಂಬುಜಮ್ಮನವರು ಮೂಲ ಅಂಕಪಟ್ಟಿಯ ಪ್ರತಿಯನ್ನು ಅವರ ಮುಂದಿಟ್ಟರು. "ಪ್ರಥಮ ದರ್ಜೆ. ಪಟ್ಟಿ ತಪ್ಪಾಗಿ ಟೈಪ್ ಮಾಡಿದವಳು ನಾನು. ಅರ್ಜಿ ತಗೊಂಡು ಮರೆತವಳೂ ನಾನೇ."

ವಾದಿರಾಜ ಅವರು ಕೂಗಾಡಬಹುದೆಂದು ನಾನು ಎದುರು ನೋಡಿದ್ದೆ. ಅವರು ಆ ಕಾಗದವನ್ನು ಮುಟ್ಟಲೇ ಇಲ್ಲ. "ಜ್ವರದಲ್ಲೂ ಅದೇ ಹೇಳ್ತಿದ್ಲು. 'ಅಣ್ಣ, ನನ್ನ ರಿಸಲ್ಟ್ ಸರಿ ಇಲ್ಲ, ಒಂದ್ಸಲ ಹೋಗಿ ಕೇಳ್ಕೊಂಡ್ ಬಾ' ಅಂತ. ಫೇಲಾದವರೆಲ್ಲ ಹಾಗೇ ಹೇಳೋದು ಅಂದೆ ನಾನು. ನಗಾಡ್ದೆ." ಅಷ್ಟು ಹೇಳಿ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟರು. ನಾವು ಹೊರಡುವಾಗ ಬಾಗಿಲವರೆಗೆ ಬಂದು, "ನೀವಾದ್ರೂ ಬಂದ್ರಲ್ಲ," ಎಂದರು.

ಮುಂದಿನದು ದಾಖಲೆಗಳಲ್ಲಿದೆ, ಚುಟುಕಾಗಿ ಹೇಳುತ್ತೇನೆ. ಅಂಬುಜಮ್ಮನವರು ತಪ್ಪೊಪ್ಪಿಗೆಯನ್ನು ತಾವೇ ಬರೆದು ಆಡಳಿತ ಮಂಡಳಿಗೆ ಕೊಟ್ಟರು. ವಿಚಾರಣೆ ನಡೆದು ಅವರ ಬಡ್ತಿಯನ್ನು ಎರಡು ವರ್ಷ ತಡೆಹಿಡಿಯಲಾಯಿತು. ಅವರು ಮೇಲ್ಮನವಿ ಸಲ್ಲಿಸಲಿಲ್ಲ. ಇಂದುಮತಿಯವರನ್ನೂ ಅವರೇ ಹೋಗಿ ಕಂಡರು. ಆಕೆ ಮೊದಲು ಅತ್ತು, ವಕೀಲರನ್ನು ಕಾಣುತ್ತೇನೆಂದು ರೇಗಿ, ಒಂದು ತಿಂಗಳ ಮೇಲೆ ತಾನಾಗಿ ಬಂದು, "ಎರಡು ಪೇಪರ್ ಅರ್ಧಕ್ಕರ್ಧ ಖಾಲಿ ಬಿಟ್ಟು ಬಂದಿದ್ದೆ ಮೇಡಂ. ಹೇಗೆ ಪಾಸಾದೆ ಅಂತ ನನಗೂ ಒಳಗೊಳಗೇ ಇತ್ತು. ಮತ್ತೆ ಬರೀತೀನಿ," ಎಂದರು. ನಲವತ್ತು ದಾಟಿದ ಆಕೆ ೨೦೧೭ರ ಏಪ್ರಿಲ್‌ನಲ್ಲಿ ಹುಡುಗಿಯರ ನಡುವೆ ಕೂತು ಪರೀಕ್ಷೆ ಬರೆದು ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾದರು.

ಅದೇ ವರ್ಷದ ಜೂನ್‌ನಲ್ಲಿ ಫಲಿತಾಂಶದ ದಿನ ಅಂಬುಜಮ್ಮನವರನ್ನು ಕೌಂಟರಿನಲ್ಲಿ ಕೂರಿಸಿದವರು ಸ್ವತಃ ನಾಗಭೂಷಣ್ ಅವರು. ಎರಡೂಮುಕ್ಕಾಲಿಗೆ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು, ಪರದೆಯನ್ನು ಆರಿಸಿ, ಕೈಕಟ್ಟಿ ಕೂತರು. ಆರಾಧನಾ ಹೆಸರಿನ ಹೊಸ ಅಂಕಪಟ್ಟಿ ಕೌಂಟರಿನ ಮೇಲಿತ್ತು. ಈ ಸಲ ನಾನು ಸ್ಟೋರಿಗೆ ಹೋಗಲಿಲ್ಲ.

ಗಿರಣಿ ನಿಂತಿತು. ಸಾಲು ಹಿಂದೆ ಸರಿಯಿತು. ಅಂಬುಜಮ್ಮನವರು ಎದ್ದು ನಿಂತರು.

"ನನ್ನ ರಿಸಲ್ಟ್ ಇನ್ನೊಂದ್ಸಲ ನೋಡ್ತೀರಾ ಮೇಡಂ? ಮೂವತ್ತೊಂದು."

"ನೋಡಿದೆ ಆರಾಧನಾ. ಪಾಸಾಗಿದೀರಿ. ಪ್ರಥಮ ದರ್ಜೆ. ತಪ್ಪು ನನ್ನದಮ್ಮ, ನಿಮ್ಮದಲ್ಲ."

ಅವಳು ನಗಲಿಲ್ಲ, ಅಳಲಿಲ್ಲ. ಅಂಕಪಟ್ಟಿಯ ಮೇಲೆ ಬಗ್ಗಿ, ಮಸಿಯ ಬೆರಳನ್ನು ಕಾಗದಕ್ಕೆ ತಾಗದಂತೆ ಮೇಲೆಯೇ ಹಿಡಿದು, ಒಂದೊಂದೇ ವಿಷಯವನ್ನು ಓದುತ್ತ ಕೆಳಗಿಳಿದಳು. ಒಂದು ಕಡೆ ಬೆರಳು ನಿಂತಿತು.

"ಕಥೆ ಹೇಳೋದರಲ್ಲಿ ಎಂಬತ್ತೊಂದಾ?"

"ಎಂಬತ್ತೊಂದು. ನಿಮ್ಮ ಬ್ಯಾಚಿಗೇ ಹೆಚ್ಚು."

"ನನಗೆ ಗೊತ್ತಿತ್ತು ಮೇಡಂ," ಎಂದಳು.

ಆ ಮಾತಿನಲ್ಲಿ ಇಷ್ಟು ವರ್ಷದ ಸಿಟ್ಟೂ ಇತ್ತು ಎಂದು ನನಗೆ ಅನ್ನಿಸಿತು. ಅವಳು ತಿರುಗಿ ಮೆಟ್ಟಿಲಿಳಿದಳು. ಅಂಬುಜಮ್ಮನವರು ಅವಳು ಕಾಣದಾದ ಮೇಲೂ, ಗಿರಣಿ ಶುರುವಾದ ಮೇಲೂ, ಕೂರಲಿಲ್ಲ. ಒಳಗೆ ನಾಗಭೂಷಣ್ ಅವರು ಕೂಡ ಎದ್ದು ನಿಂತಿದ್ದರು. ಅವರಿಗೆ ಏನು ಕಂಡಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಮೇಲೆ ಯಾವ ಜೂನ್‌ನಲ್ಲೂ ಅವಳು ಬಂದಿಲ್ಲ.

ಆ ವರ್ಷವೇ ಅಂಬುಜಮ್ಮನವರು ನಮ್ಮಲ್ಲಿ ಹೊಸ ನಿಯಮ ತಂದರು. ಟೈಪಾದ ಪಟ್ಟಿಯನ್ನು ಇಬ್ಬರು ಗಟ್ಟಿಯಾಗಿ ಓದಿ ಮೂಲಕ್ಕೆ ತಾಳೆ ನೋಡದೆ ಗೋಡೆಗೆ ಅಂಟಿಸುವಂತಿಲ್ಲ. ಬಂದ ಅರ್ಜಿಗೆ ಹದಿನೈದು ದಿನದಲ್ಲಿ ಲಿಖಿತ ಉತ್ತರ ಹೋಗಲೇಬೇಕು. ನಗರದ ಇನ್ನೂ ಕೆಲವು ಸಂಸ್ಥೆಗಳವರು ಬಂದು ಇದನ್ನು ಕಲಿತು ಹೋಗಿದ್ದಾರೆ. ತಡವಾಗಿ ಬಂದ ಬಡ್ತಿಯ ಮೇಲೆ ಅವರು ಕಾರ್ಯಕ್ರಮ ನಿರ್ದೇಶಕಿಯಾಗಿ ಮಾಡಿದ ಕೆಲಸ, ಕೋವಿಡ್ ಕಾಲದಲ್ಲಿ ನೂರಾ ಎಂಬತ್ತು ವಿದ್ಯಾರ್ಥಿನಿಯರನ್ನು ಒಬ್ಬರನ್ನೂ ಕೈಬಿಡದೆ ಫೋನಿನಲ್ಲೇ ದಡ ಮುಟ್ಟಿಸಿದ್ದು, ಇವನ್ನೆಲ್ಲ ಈ ಗ್ರಂಥದ ಬೇರೆ ಲೇಖಕರು ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಕಳೆದ ತಿಂಗಳು ಬೀಳ್ಕೊಡುಗೆಯ ಸಿದ್ಧತೆ ನಡೆಯುತ್ತಿದ್ದಾಗ, ನಿವೃತ್ತಿಯ ನಂತರ ಏನು ಮಾಡುತ್ತೀರೆಂದು ಕೇಳಿದೆ. ಅವರು ನನ್ನನ್ನು ಕಡತದ ಕೋಣೆಗೆ ಕರೆದುಕೊಂಡು ಹೋಗಿ ಒಂದು ಬೀರು ತೆರೆದರು. ೧೯೯೧ರಿಂದ ೨೦೦೩ರವರೆಗೆ ತಾವು ಟೈಪ್ ಮಾಡಿದ ಎಲ್ಲ ಫಲಿತಾಂಶಗಳ ಮೂಲ ಲಕೋಟೆಗಳು ಅಲ್ಲಿದ್ದವು. ಮಂಡಳಿಯ ಅನುಮತಿ ಪಡೆದು, ಪ್ರತಿ ಮಂಗಳವಾರ ಒಂದೊಂದನ್ನೇ ಒಡೆದು ತಾಳೆ ನೋಡುತ್ತಿದ್ದರಂತೆ. ಐದು ವರ್ಷದವು ಮುಗಿದಿದ್ದವು. ಇನ್ನೆರಡು ತಪ್ಪು ಸಿಕ್ಕಿದ್ದವು. ಇಬ್ಬರನ್ನೂ ಹುಡುಕಿ ಉತ್ತರ ಮುಟ್ಟಿಸಿದ್ದರು. ಇಬ್ಬರೂ ಬದುಕಿದ್ದರು. ಇಬ್ಬರೂ, ತಾವು ನಿಜವಾಗಿಯೂ ಫೇಲಾದೆವೆಂದೇ ಇಷ್ಟು ವರ್ಷ ನಂಬಿಕೊಂಡಿದ್ದರು.

"ಆರಾಧನಾ ಕೇಳಿದ್ರು, ಅದಕ್ಕೆ ಗೊತ್ತಾಯ್ತು," ಎಂದರು ಬೀರುವಿನ ಬಾಗಿಲು ಹಿಡಿದು. "ಕೇಳದೇ ಹೋದವರು ಎಷ್ಟು ಜನವೋ."

ಬೀರುವಿನಲ್ಲಿ ಇನ್ನೂ ಎಂಟು ವರ್ಷದ ಲಕೋಟೆಗಳಿವೆ. ಅವರು ಮಂಗಳವಾರ ಹನ್ನೊಂದಕ್ಕೆ ಬರುತ್ತಾರೆ. ಅವರಿಗಾಗಿ ಮೇಜು, ಕುರ್ಚಿ, ಕಿಟಕಿಯ ಬೆಳಕು ಎಲ್ಲವನ್ನೂ ಅವರ ಕೌಂಟರಿನ ಹಿಂದೆ ಈಗ ಕೂರುವ ನಾನು ಗೊತ್ತುಮಾಡಿದ್ದೇನೆ. ಎಷ್ಟು ಮುದ್ರೆಗಳು ಒಡೆಯಲು ಕಾದಿವೆಯೋ ಅಷ್ಟು ಆಯುಸ್ಸನ್ನು, ಆ ಸಣ್ಣ ಕೈಬರಹಗಳನ್ನು ಓದುವಷ್ಟು ಕಣ್ಣಿನ ಬೆಳಕನ್ನು, ಸಿಕ್ಕ ವಿಳಾಸಗಳ ಮೆಟ್ಟಿಲು ಹತ್ತುವಷ್ಟು ಕಾಲಿನ ಬಲವನ್ನು ಭಗವಂತ ಅಂಬುಜಮ್ಮನವರಿಗೆ ಕೊಡಲಿ. ಇದು ನಾನು ಅವರೊಬ್ಬರಿಗಾಗಿ ಮಾಡುವ ಪ್ರಾರ್ಥನೆಯಲ್ಲ. ಆ ಲಕೋಟೆಗಳ ಒಳಗೆ, ಕೇಳುವುದನ್ನೇ ಕಲಿಯದೆ, ಇನ್ನೂ ಯಾರು ಯಾರು ನಿಂತಿದ್ದಾರೋ ನನಗೆ ತಿಳಿಯದು.

ಯಶಶ್ರೀ
ಕಾರ್ಯಕ್ರಮ ಸಂಯೋಜಕಿ, ಮಂದಾರ ಮಹಿಳಾ ವಿದ್ಯಾಸಂಸ್ಥೆ, ಚಾಮರಾಜಪೇಟೆ